ಸಹಿ ನನ್ನದು, ಬರೆ ಹುಡುಗರಿಗೆ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಗಡಿನಾಡಿನ ಕನ್ನಡ ಶಾಲೆಗಳ ಅಳಿವು ಉಳಿವಿನ ಬಗ್ಗೆ ನಾನು ಬರೆಯುವೆನೆಂದು ಅವರು ಎಣಿಸಿದ್ದಿರಬೇಕು. ಆ ವಿಷಯವನ್ನು ನನಗಿಂತ ಚೆನ್ನಾಗಿ ಬರೆಯಬಲ್ಲವರು ನಾರಾಯಣಪೇಟೆಯಲ್ಲೂ ಮಕ್ತಲಿನಲ್ಲೂ ಗದ್ವಾಲಿನಲ್ಲೂ ಇದ್ದಾರೆ. ನಾನು ಬರೆಯಲು ಹೊರಟಿರುವುದು ನಮ್ಮ ಸಂಘವೇ ಅಚ್ಚು ಹಾಕಿಸಿದ ಒಂದು ಸಾಲಿನ ವಿರುದ್ಧ. ಸಂಘದ ಸಂಚಿಕೆಯಲ್ಲಿಯೇ ಸಂಘದ ವಿರುದ್ಧ ಬರೆಯುವುದು ಸಭ್ಯತೆಯೇ ಎಂದು ಕೇಳುವವರಿಗೆ, ಬೇರೆಲ್ಲಿ ಬರೆಯಲಿ ಎಂದಷ್ಟೇ ನನ್ನ ಉತ್ತರ.

ರಾಜ್ಯೋತ್ಸವದ ಅಂಗವಾಗಿ ನಾವು ಮಕ್ಕಳಿಗೆ ನಡೆಸುವ ಆಟೋಟಗಳ ನಿಯಮಾವಳಿಯಲ್ಲಿ ಒಂದು ಕಲಮು ಇದೆ. ಯಾವುದೇ ತಂಡದಲ್ಲಿ ಒಬ್ಬ ಆಟಗಾರನ ವಯಸ್ಸಿನ ದಾಖಲೆ ಸುಳ್ಳೆಂದು ಕಂಡುಬಂದರೆ ಇಡೀ ತಂಡವನ್ನು ಹೊರಹಾಕತಕ್ಕದ್ದು, ಆ ಶಾಲೆಯನ್ನು ಮುಂದಿನ ವರ್ಷವೂ ಸೇರಿಸಿಕೊಳ್ಳತಕ್ಕದ್ದಲ್ಲ ಎಂಬುದು ಅದರ ಸಾರ. ಕಳೆದ ನವೆಂಬರಿನಲ್ಲಿ ಈ ಕಲಮಿನ ಅನ್ವಯ ಒಂದು ಕಬಡ್ಡಿ ತಂಡವನ್ನು ಮೈದಾನದಿಂದಲೇ ಹಿಂದಕ್ಕೆ ಕಳುಹಿಸಿದೆವು. ಹದಿನಾಲ್ಕು ವರ್ಷದೊಳಗಿನವರ ಆಟದಲ್ಲಿ ಒಬ್ಬ ಹುಡುಗನಿಗೆ ಹದಿನೈದು ತುಂಬಿತ್ತು. ಉಳಿದವರು ತಮ್ಮ ಬುತ್ತಿಯ ಗಂಟನ್ನು ಬಿಚ್ಚದೆಯೇ ಬಸ್ಸು ಹತ್ತಿದರು. ವೇದಿಕೆಯ ಮೇಲೆ ಕುಳಿತಿದ್ದ ಹಿರಿಯರಲ್ಲಿ ನಾನೂ ಒಬ್ಬ. ಆ ಹೊತ್ತು ಬಾಯಿ ಬಿಡಲಿಲ್ಲ. ಬಿಡದಿರಲು ಕಾರಣವಿತ್ತು, ಅದನ್ನೇ ಮೊದಲು ಹೇಳಿಬಿಡುತ್ತೇನೆ.

1996ರಲ್ಲಿ ನಾನು ಮಕ್ತಲ್ ಕಡೆಯ ಒಂದು ಪ್ರೌಢಶಾಲೆಯ ಮುಖ್ಯೋಪಾಧ್ಯಾಯನಾಗಿದ್ದೆ. ಆಗ ನಮ್ಮದೆಲ್ಲ ಇನ್ನೂ ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆ. ಕನ್ನಡ ಮಾಧ್ಯಮದ ವಿಭಾಗದಲ್ಲಿ ಮಕ್ಕಳಿಗೆ ಕೊರತೆ ಇರಲಿಲ್ಲ. ನಮ್ಮ ಸೀಮೆಯಲ್ಲಿ ಕಬಡ್ಡಿ, ಖೋಖೋ ಬಿಟ್ಟರೆ ವಾಲಿಬಾಲ್. ಕಾಲ್ಚೆಂಡು ಬಂದದ್ದು ಹೈದರಾಬಾದಿನಿಂದ. ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ ಐದು ವರ್ಷ ಸತತವಾಗಿ ಮುಂಬಯಿಯ ರೋವರ್ಸ್ ಕಪ್ ಗೆದ್ದದ್ದನ್ನು ನಮ್ಮ ಹಿರಿಯರು ಮನೆಯ ಮಾತಿನಂತೆ ಹೇಳುತ್ತಿದ್ದರು. ಅದರ ತರಬೇತುದಾರ ಸೈಯದ್ ಅಬ್ದುಲ್ ರಹೀಮರು ಮೂಲತಃ ಶಾಲಾ ಮಾಸ್ತರರು. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಚಿನ್ನ ತಂದುಕೊಟ್ಟವರೂ ಅವರೇ. ಮಾಸ್ತರಿಕೆ ಮಾಡುವವನಿಗೆ ಇದಕ್ಕಿಂತ ಹೆಮ್ಮೆ ಬೇಕೆ? ನಮ್ಮ ಶಾಲೆಗೂ ಒಂದು ಚೆಂಡು ಬಂತು, ಎರೆಮಣ್ಣಿನ ಮೈದಾನದಲ್ಲಿ ಒಂದು ತಂಡವೂ ಎದ್ದಿತು.

ಆ ವರ್ಷ ತಂಡ ವಲಯ ಮಟ್ಟದ ಪಂದ್ಯಗಳಿಗೆ ಗದ್ವಾಲಿಗೆ ಹೋಯಿತು, ಎರಡು ಪಂದ್ಯ ಗೆದ್ದಿತು. ಮೂರನೆಯದಕ್ಕೆ ಮುನ್ನ ಎದುರಾಳಿ ಶಾಲೆಯವರು ತಕರಾರು ಎತ್ತಿದರು. ನಮ್ಮ ಮುಂಚೂಣಿಯ ಹುಡುಗನೊಬ್ಬ ಕೆಳಗಿನ ತರಗತಿಯಲ್ಲಿ ಎರಡು ಸಲ ನಪಾಸಾದವನು. ಅವನ ನಿಜವಾದ ವಯಸ್ಸು ಮಿತಿಗಿಂತ ಒಂದು ವರ್ಷ ನಾಲ್ಕು ತಿಂಗಳು ಹೆಚ್ಚು. ಪ್ರವೇಶ ಪತ್ರದಲ್ಲಿ ಬೇರೆ ತಾರೀಖು ಬರೆದವರು ವ್ಯಾಯಾಮ ಶಿಕ್ಷಕರು. ಅದು ಸತ್ಯವೆಂದು ದೃಢೀಕರಿಸಿ ಸಹಿ ಮಾಡಿದವನು ನಾನು. ಆ ದಿನ ಸಂಬಳದ ಬಿಲ್ಲುಗಳ ಕಟ್ಟು ಮೇಜಿನ ಮೇಲಿತ್ತು. ಅದರ ನಡುವೆ ಈ ಕಾಗದವೂ ಬಂತು. ಅಡ್ಮಿಷನ್ ರಿಜಿಸ್ಟರು ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿಯೇ ಇತ್ತು. ತೆಗೆದು ನೋಡಲು ಎರಡು ನಿಮಿಷ ಸಾಕಿತ್ತು. ನೋಡಲಿಲ್ಲ.

ತೀರ್ಪು ಬಂದದ್ದು ಹೀಗೆ: ತಂಡ ವಜಾ; ಶಾಲೆಗೆ ಎರಡು ವರ್ಷ ವಲಯ ಮಟ್ಟದ ಎಲ್ಲ ಕ್ರೀಡೆಗಳಿಂದ ಬಹಿಷ್ಕಾರ. ‘ಎಲ್ಲ ಕ್ರೀಡೆಗಳಿಂದ’ ಎಂಬ ಮಾತಿನ ಅರ್ಥ ನನಗೆ ಹೊಳೆದದ್ದು ಮರುದಿನ, ನಮ್ಮ ಹುಡುಗಿಯರ ಖೋಖೋ ತಂಡ ಕೋಣೆಯ ಬಾಗಿಲಲ್ಲಿ ಬಂದು ನಿಂತಾಗ. ಜಿಲ್ಲಾ ಮಟ್ಟಕ್ಕೆ ಹೋಗುವ ಯೋಗ್ಯತೆ ಇದ್ದ ತಂಡ ಅದು. ಅವರ ನಾಯಕಿ, ಒಂಬತ್ತನೆಯ ತರಗತಿಯವಳು, ಕೇಳಿದಳು: “ಸರ, ನಾವು ಆ ಚೆಂಡು ಮುಟ್ಟೀವೇನ್ರೀ?”

ನಾನು ಏನೋ ಸಮಾಧಾನದ ಮಾತು ಹೇಳಿದೆ. ಏನೆಂದು ಈಗ ನೆನಪಿಲ್ಲ, ನೆನಪಿಡುವಂಥದ್ದು ಆಗಿರಲಿಕ್ಕಿಲ್ಲ. ಅವಳು ಹತ್ತನೆಯದನ್ನು ಮುಗಿಸಿ ಶಾಲೆ ಬಿಟ್ಟಳು. ಬಹಿಷ್ಕಾರದ ಅವಧಿ ಮುಗಿದಾಗ ಆ ತಂಡದ ಒಬ್ಬ ಹುಡುಗಿಯೂ ಶಾಲೆಯಲ್ಲಿ ಉಳಿದಿರಲಿಲ್ಲ. ವ್ಯಾಯಾಮ ಶಿಕ್ಷಕರಿಗೆ ವರ್ಗವಾಯಿತು, ಅವರು ಬಹುಕಾಲದಿಂದ ಕೇಳುತ್ತಿದ್ದ ಊರಿಗೇ. ನನಗೆ ಒಂದು ಮೆಮೊ ಬಂತು, ಅರ್ಧ ಪುಟದ ವಿವರಣೆ ಬರೆದೆ, ಕಡತ ಮುಚ್ಚಿತು. ವಾರ್ಷಿಕ ಬಡ್ತಿ ತಪ್ಪಲಿಲ್ಲ, ಪಿಂಚಣಿಯಲ್ಲಿ ಒಂದು ರೂಪಾಯಿ ಕಡಿಮೆಯಾಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ನಾನು ಮೂವತ್ತು ವರ್ಷ ತರಗತಿಯಲ್ಲಿ ವಿವರಿಸಿದ್ದೇನೆ. ಆ ಗಾದೆಯಲ್ಲಿನ ಎತ್ತು ನಾನೇ ಎಂದು ಮಕ್ಕಳಿಗೆ ಹೇಳಲಿಲ್ಲ.

ಹಳ್ಳಿಯ ಶಾಲೆಯ ಈ ಸಂಗತಿಗೆ ಇಷ್ಟು ಮಹತ್ವವೇಕೆ ಎಂದು ಕೆಲವರಿಗೆ ಅನ್ನಿಸಬಹುದು. ನನಗೂ ಬಹುಕಾಲ ಹಾಗೆಯೇ ಅನ್ನಿಸುತ್ತಿತ್ತು, ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್ ನಗರದಲ್ಲಿರುವ ಮಗನ ಮನೆಗೆ ಹೋಗುವವರೆಗೆ. ಅಲ್ಲಿ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯವಿದೆ. ಅವರ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ತಲೆಗೆ ಶಿರಸ್ತ್ರಾಣ ತೊಟ್ಟು, ಒಬ್ಬರನ್ನೊಬ್ಬರು ಕೆಡಹುವ ಆಟ. ಕಾಲೇಜು ತಂಡಗಳ ಆಟ ನೋಡಲು ಅಲ್ಲಿ ಜಾತ್ರೆಯಂತೆ ಜನ ಸೇರುತ್ತಾರೆ. ಆಗ ಆಟಗಾರರು ವಿದ್ಯಾರ್ಥಿಗಳು, ಅವರಿಗೆ ವೇತನ ಕೊಡಕೂಡದು ಎಂಬುದು ಎನ್.ಸಿ.ಎ.ಎ. ಎಂಬ ಕಾಲೇಜು ಕ್ರೀಡಾ ಸಂಸ್ಥೆಯ ನಿಯಮವಾಗಿತ್ತು. ಡಲ್ಲಾಸಿನ ಈ ವಿಶ್ವವಿದ್ಯಾಲಯದ ಶ್ರೀಮಂತ ಅಭಿಮಾನಿಗಳು ಗುಟ್ಟಾಗಿ ಆಟಗಾರರಿಗೆ ಹಣ ಹಂಚಿದರು. ಎಚ್ಚರಿಕೆ ಸಿಕ್ಕಿತು, ದಂಡನೆಯೂ ಆಯಿತು, ಹಣ ನಿಲ್ಲಲಿಲ್ಲ. ಕೊನೆಗೆ ಹದಿಮೂರು ಆಟಗಾರರಿಗೆ ಒಟ್ಟು ಸುಮಾರು 61,000 ಡಾಲರ್ ಸಂದಾಯವಾಗಿದ್ದು ಹೊರಬಿದ್ದಿತು. 1987ರ ಫೆಬ್ರವರಿಯಲ್ಲಿ ಆ ಸಂಸ್ಥೆ ಇಡೀ ವರ್ಷದ ಆಟವನ್ನೇ ರದ್ದುಗೊಳಿಸಿತು. ಅದಕ್ಕೆ ಅಲ್ಲಿನ ಜನ ಇಟ್ಟ ಹೆಸರು ‘ಮರಣದಂಡನೆ’. ಆಟಗಾರರು ಚದುರಿದರು, ಬೇರೆ ವಿಶ್ವವಿದ್ಯಾಲಯಗಳ ತರಬೇತುದಾರರು ಸಂತೆಯ ದಲ್ಲಾಳಿಗಳಂತೆ ಬಂದು ಅವರನ್ನು ಆರಿಸಿಕೊಂಡು ಹೋದರು. ಆಡಿಸಲು ಸಾಕಷ್ಟು ಅನುಭವಿಗಳಿಲ್ಲದೆ ವಿಶ್ವವಿದ್ಯಾಲಯ ತಾನಾಗಿಯೇ 1988ರ ಆಟವನ್ನೂ ಕೈಬಿಟ್ಟಿತು. 1989ರಲ್ಲಿ ಮರಳಿ ಆಡತೊಡಗಿದ ಮೇಲೆ ಮುಂದಿನ ಇಪ್ಪತ್ತು ವರ್ಷಗಳಲ್ಲಿ ಸೋಲಿಗಿಂತ ಗೆಲುವು ಹೆಚ್ಚಿದ್ದ ವರ್ಷ ಒಂದೇ ಒಂದು, 1997. ಹಣ ಹಂಚಿದಾಗ ಇನ್ನೂ ತೊಟ್ಟಿಲಲ್ಲಿದ್ದ ಹುಡುಗರು ಸಹ ಆ ದಂಡನೆಯ ನೆರಳಿನಲ್ಲಿ ಆಡಿ ಸೋತರು.

ಹಣ ಕೊಡುವುದನ್ನು ಮುಂದುವರಿಸಲು ಒಪ್ಪಿಗೆ ಕೊಟ್ಟವರು ಯಾರು? ವಿಶ್ವವಿದ್ಯಾಲಯದ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದ ಬಿಲ್ ಕ್ಲೆಮೆಂಟ್ಸ್. ಅದನ್ನು ಅವರೇ 1987ರ ಮಾರ್ಚಿನಲ್ಲಿ ಒಪ್ಪಿಕೊಂಡರು. ಆ ವೇಳೆಗೆ ಅವರು ಟೆಕ್ಸಾಸ್ ರಾಜ್ಯದ ಗವರ್ನರರಾಗಿದ್ದರು. ಕ್ಷಮೆ ಕೇಳಿದರು, 1991ರವರೆಗೆ ತಮ್ಮ ಪೂರ್ಣ ಅವಧಿಯನ್ನು ಅದೇ ಪೀಠದಲ್ಲಿ ಕಳೆದರು. ಮಗ ಇದನ್ನು ಹೇಳಿದಾಗ ನನಗೆ ನಗು ಬಂತು. ನನ್ನ ಮೆಮೊವಿಗೂ ಅವರ ಕ್ಷಮೆಗೂ ಏನೂ ಅಂತರವಿಲ್ಲ. ಸಾವಿರಾರು ಮೈಲಿ ದೂರದಲ್ಲಿ, ಕೋಟಿಗಟ್ಟಲೆ ಹಣದ ಆಟದಲ್ಲಿ, ನಡೆದದ್ದು ನಮ್ಮ ಎರೆಮಣ್ಣಿನ ಮೈದಾನದಲ್ಲಿ ನಡೆದದ್ದೇ.

ನಮ್ಮ ದೇಶದ ಕಾಲ್ಚೆಂಡಿಗೂ ಇಂಥದೇ ಬರೆ ಬಿದ್ದದ್ದನ್ನು ಓದುಗರು ಮರೆತಿರಲಾರರು. ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ನಿನ ಆಡಳಿತದವರ ಅವಧಿ 2020ರ ಡಿಸೆಂಬರಿಗೆ ಮುಗಿದರೂ ಚುನಾವಣೆ ನಡೆಯಲಿಲ್ಲ. 2022ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಮೂವರ ಆಡಳಿತ ಸಮಿತಿಯನ್ನು ನೇಮಿಸಿತು. ಇದು ಹೊರಗಿನವರ ಹಸ್ತಕ್ಷೇಪವೆಂದು ಹೇಳಿ ವಿಶ್ವ ಸಂಸ್ಥೆಯಾದ ಫಿಫಾ ಅದೇ ಆಗಸ್ಟ್ ಮಧ್ಯದಲ್ಲಿ ಭಾರತವನ್ನೇ ಅಮಾನತುಗೊಳಿಸಿತು. ಕುರ್ಚಿ ಬಿಡದವರು ಹಿರಿಯರು. ಆದರೆ ಆ ವಾರ ಏಷ್ಯಾದ ಮಹಿಳಾ ಕ್ಲಬ್ಬುಗಳ ಪಂದ್ಯಾವಳಿಗೆಂದು ಉಜ್ಬೇಕಿಸ್ತಾನದ ತಾಷ್ಕೆಂಟಿಗೆ ಹೋಗಿ ಇಳಿದಿದ್ದವರು ಗೋಕುಲಂ ಕೇರಳ ತಂಡದ ಹೆಣ್ಣುಮಕ್ಕಳು. ರಾಷ್ಟ್ರೀಯ ಲೀಗ್ ಗೆದ್ದು ಆ ಅರ್ಹತೆ ಗಳಿಸಿದವರು. ಒಂದು ಪಂದ್ಯವನ್ನೂ ಆಡದೆ ಹಿಂತಿರುಗಿದರು. ಆಗಸ್ಟ್ 26ರಂದು ಅಮಾನತು ತೆರವಾಯಿತು. ಹದಿನೇಳು ವರ್ಷದೊಳಗಿನ ಹುಡುಗಿಯರ ವಿಶ್ವಕಪ್ ಅಕ್ಟೋಬರಿನಲ್ಲಿ ಭಾರತದಲ್ಲಿಯೇ ನಡೆಯಿತು. ಎಲ್ಲರೂ ನಿಟ್ಟುಸಿರು ಬಿಟ್ಟರು. ಗೋಕುಲಂ ಹೆಣ್ಣುಮಕ್ಕಳ ಆ ಪಂದ್ಯಾವಳಿಯನ್ನು ಮಾತ್ರ ಯಾರೂ ಅವರಿಗೆ ಮರಳಿ ಕೊಡಲಿಲ್ಲ. ‘ನಾವು ಆ ಚೆಂಡು ಮುಟ್ಟೀವೇನ್ರೀ’ ಎಂದು ಅವರೂ ತಮ್ಮ ಭಾಷೆಯಲ್ಲಿ ಕೇಳಿಕೊಂಡಿರಬೇಕು.

ಎದುರುವಾದವನ್ನು ನಾನು ಬಲ್ಲೆ. ಸಂಘದ ಕ್ರೀಡಾ ಸಮಿತಿಯ ಗೆಳೆಯರು ಅದನ್ನು ನನ್ನ ಮುಖದೆದುರೇ ಹೇಳಿದ್ದಾರೆ, ಅದರಲ್ಲಿ ಹುರುಳಿದೆ. ವ್ಯಕ್ತಿಯನ್ನು ಮಾತ್ರ ಶಿಕ್ಷಿಸಿದರೆ ಸಂಸ್ಥೆಗಳು ಬಡಪಾಯಿಯೊಬ್ಬನನ್ನು ಬಲಿ ಕೊಟ್ಟು ಢಾಲನ್ನು ತಮ್ಮ ಕಪಾಟಿನಲ್ಲಿಯೇ ಇಟ್ಟುಕೊಳ್ಳುತ್ತವೆ ಎನ್ನುತ್ತಾರೆ. ನಿಜ. ಮೋಸದಿಂದ ಸೋತ ಎದುರಾಳಿ ಮಕ್ಕಳಿಗೂ ಅನ್ಯಾಯವಾಗಿದೆ ಎನ್ನುತ್ತಾರೆ. ಅದೂ ನಿಜ, ಗದ್ವಾಲಿನಲ್ಲಿ ನಮ್ಮಿಂದ ಸೋತ ಎರಡು ಶಾಲೆಗಳ ಹುಡುಗರನ್ನು ನಾನು ಮರೆತಿಲ್ಲ. ಆದ್ದರಿಂದಲೇ, ಆ ಎರಡು ಗೆಲುವುಗಳನ್ನು ಕಸಿದುಕೊಂಡದ್ದು ನ್ಯಾಯವೆಂದು ಅಂದೂ ಒಪ್ಪಿದೆ, ಇಂದೂ ಒಪ್ಪುತ್ತೇನೆ. ಮೋಸದಿಂದ ಬಂದದ್ದು ಮರಳಿ ಹೋಗಬೇಕು. ಆ ದಿನ ತಂಡ ಮನೆಗೆ ಹೋಗಬೇಕಾಗಿ ಬಂದರೂ ಸಹಿಸಬಹುದು. ನನ್ನ ಜಗಳ ಇರುವುದು ಆ ಮುಂದಿನ ಎರಡು ವರ್ಷಗಳ ಬಗ್ಗೆ. ಆ ಎರಡು ವರ್ಷಗಳಲ್ಲಿ ಕಸಿದುಕೊಂಡದ್ದು ಮೋಸದಿಂದ ಬಂದದ್ದಲ್ಲ. ಇನ್ನೂ ಬಾರದೇ ಇದ್ದದ್ದು.

ಭಯವಿಲ್ಲದಿದ್ದರೆ ನಿಯಮ ನಿಲ್ಲುವುದಿಲ್ಲ ಎಂಬುದು ಮೂರನೆಯ ಮಾತು. ಯಾರಿಗೆ ಭಯ ಎಂದು ಕೇಳುತ್ತೇನೆ. ಊರಿಗೆ ಊರನ್ನೇ ದಂಡಿಸಿದರೆ ಊರವರೇ ಚಳವಳಿಗಾರರನ್ನು ಹಿಡಿದುಕೊಡುತ್ತಾರೆಂದು ಎಣಿಸಿ ಬ್ರಿಟಿಷರು 1942ರಲ್ಲಿ ಸಾಮೂಹಿಕ ದಂಡ ವಿಧಿಸಿದರು. ಆ ಪಾಠವನ್ನು ಇತಿಹಾಸದ ತರಗತಿಯಲ್ಲಿ ಮಾಡುವಾಗ ಅದನ್ನು ದಬ್ಬಾಳಿಕೆ ಎಂದು ಕರೆದು, ಗಂಟೆ ಬಾರಿಸಿದ ಮೇಲೆ ಮೈದಾನಕ್ಕೆ ಬಂದು ಶಿಸ್ತು ಎಂದು ಕರೆಯುವುದು ನಮಗೆ ಒಪ್ಪುವುದಿಲ್ಲ. ತಾರೀಖು ತಿದ್ದುವವನು ಮಗುವಲ್ಲ. ಅದನ್ನು ತಿದ್ದುವ ಅಧಿಕಾರವೂ ಲೇಖನಿಯೂ ಇರುವುದು ದೊಡ್ಡವರ ಕೈಯಲ್ಲಿ. ಖೋಖೋ ಹುಡುಗಿಯರಿಗೆ ಭಯ ಹುಟ್ಟಿಸಿದರೆ ಮುಖ್ಯೋಪಾಧ್ಯಾಯನ ಲೇಖನಿ ನಡುಗುತ್ತದೆಯೇ? ನನ್ನದು ನಡುಗಲಿಲ್ಲ. ನಾನು ಎಚ್ಚರಗೊಂಡದ್ದು ಆ ಹುಡುಗಿಯ ಪ್ರಶ್ನೆಯಿಂದ, ಶಿಕ್ಷೆಯಿಂದಲ್ಲ.

ಡಲ್ಲಾಸಿನ ಆ ‘ಮರಣದಂಡನೆ’ಯ ನಂತರ ಏನಾಯಿತೆಂಬುದೂ ಗಮನಾರ್ಹ. ಅಂಥ ದಂಡನೆಯನ್ನು ಯಾವ ದೊಡ್ಡ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡಕ್ಕೂ ಆ ಸಂಸ್ಥೆ ಮತ್ತೆ ವಿಧಿಸಿಲ್ಲ. ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮಾಜಿ ಸಹಾಯಕ ತರಬೇತುದಾರನೊಬ್ಬ ವರ್ಷಗಟ್ಟಲೆ ಮಕ್ಕಳ ಮೇಲೆ ದೌರ್ಜನ್ಯ ಎಸಗಿದ್ದು ಬಯಲಾದಾಗಲೂ, 2012ರಲ್ಲಿ, ಆಟವನ್ನು ನಿಲ್ಲಿಸಲಿಲ್ಲ. 6 ಕೋಟಿ ಡಾಲರ್ ದಂಡ ಹಾಕಿದರು. ಆ ಹಣ ಮಕ್ಕಳ ರಕ್ಷಣೆಯ ಕೆಲಸಕ್ಕೆ ಹೋಗಬೇಕೆಂದರು. ಇದು ನನಗೆ ಸರಿಯೆನ್ನಿಸುತ್ತದೆ. ಅದರ ಜೊತೆಗೆ ಹಳೆಯ 112 ಗೆಲುವುಗಳನ್ನು ದಾಖಲೆಯಿಂದ ಅಳಿಸಿದರು, 2015ರಲ್ಲಿ ಅವನ್ನೇ ಮತ್ತೆ ಬರೆದುಕೊಂಡರು; ಇದರಿಂದ ಆ ಮಕ್ಕಳಿಗಾದ ಗಾಯಕ್ಕೆ ಏನು ಮದ್ದು ದೊರೆಯಿತೋ ಆ ದೇವರೇ ಬಲ್ಲ. ಸುಮ್ಮನಿದ್ದ ಅಧಿಕಾರಿಗಳನ್ನು ನಿಜವಾಗಿ ಹೊಣೆ ಮಾಡಿದ್ದು ನ್ಯಾಯಾಲಯ. ಅಪರಾಧಿ ಜೈಲಿನಲ್ಲಿದ್ದಾನೆ, ವಿಶ್ವವಿದ್ಯಾಲಯದ ಮಾಜಿ ಅಧ್ಯಕ್ಷರೂ 2017ರಲ್ಲಿ ತಪ್ಪಿತಸ್ಥರೆಂದು ತೀರ್ಮಾನವಾಯಿತು.

ನಮ್ಮ ಬಳಿಯಲ್ಲಿಯೇ ಒಂದು ಒಳ್ಳೆಯ ಮಾದರಿ ಇದೆ. 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್.ಸಿ. ತಂಡದ ಸುನಿಲ್ ಛೇತ್ರಿ ಹೊಡೆದ ಗೋಲನ್ನು ಒಪ್ಪದೆ ಕೇರಳ ಬ್ಲಾಸ್ಟರ್ಸ್ ತಂಡ ಪಂದ್ಯದ ನಡುವೆಯೇ ಮೈದಾನ ಬಿಟ್ಟು ಹೊರನಡೆಯಿತು. ಅದು ಸಣ್ಣ ತಪ್ಪಲ್ಲ. ಫೆಡರೇಶನ್ನಿನ ಶಿಸ್ತು ಸಮಿತಿ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ ಹಾಕಿತು; ತಂಡವನ್ನು ಹೊರಗೆ ಕರೆದ ತರಬೇತುದಾರರನ್ನು ಹತ್ತು ಪಂದ್ಯಗಳಿಂದ ದೂರವಿಟ್ಟು 5 ಲಕ್ಷ ದಂಡ ವಿಧಿಸಿತು; ಬಹಿರಂಗ ಕ್ಷಮೆಯಾಚನೆ ಬೇಕೆಂದಿತು. ಮಾಲೀಕನ ಜೇಬಿಗೆ ತಟ್ಟಿತು, ಕೈಬೀಸಿ ಕರೆದವನಿಗೆ ತಟ್ಟಿತು. ಹುಡುಗರು ಮುಂದೆಯೂ ಆಡಿದರು. ಕೋಟ್ಯಧೀಶರ ಕ್ಲಬ್ಬಿಗೆ ಸಿಕ್ಕ ಈ ವಿವೇಚನೆ ಬುತ್ತಿ ಕಟ್ಟಿಕೊಂಡು ಬರುವ ಹಳ್ಳಿಯ ಶಾಲೆಗೆ ಏಕೆ ಸಿಗುವುದಿಲ್ಲ? ನನಗೆ ತೋರುವ ಕಾರಣ ಸರಳ. ಕ್ಲಬ್ಬಿಗೆ ವಕೀಲರಿದ್ದಾರೆ. ನಮ್ಮ ಗಡಿಯ ಕನ್ನಡ ಶಾಲೆಯ ಪರವಾಗಿ ಕಚೇರಿಯಲ್ಲಿ ಒಂದು ಮಾತಾಡುವವರು ಇಲ್ಲ; ಜಿಲ್ಲೆಗಳು ಒಡೆದು ಹೊಸದಾದವು, ಗದ್ವಾಲಿಗೆ 2016ರಲ್ಲಿ, ನಾರಾಯಣಪೇಟೆಗೆ 2019ರಲ್ಲಿ ಕಚೇರಿಗಳು ಬಂದವು, ಆದರೂ ಇಲ್ಲ.

ವ್ಯಕ್ತಿಯನ್ನು ಹಿಡಿಯುವುದು ಕಷ್ಟ, ಗುಂಪನ್ನು ಹಿಡಿಯುವುದು ಸುಲಭ. ಗುಟ್ಟು ಇರುವುದು ಇಲ್ಲಿಯೇ. 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಕ್ರಿಕೆಟ್ಟಿನಲ್ಲಿ ಪಂದ್ಯ ಮೊದಲೇ ನಿಗದಿಪಡಿಸಿದ ಆರೋಪಗಳು ಬಂದವು, ಬಂಧನಗಳಾದವು. 2022ರ ಜನವರಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಆ ಮೊಕದ್ದಮೆಯನ್ನು ರದ್ದುಪಡಿಸಿತು. ಪಂದ್ಯ ನಿಗದಿ ಮಾಡುವುದು ದಂಡಸಂಹಿತೆಯ ಅರ್ಥದಲ್ಲಿ ವಂಚನೆಯಾಗುವುದಿಲ್ಲ, ಕ್ರಮ ಕೈಗೊಳ್ಳಬೇಕಾದದ್ದು ಕ್ರಿಕೆಟ್ ಮಂಡಳಿ ಎಂದಿತು. ಲೀಗ್ ಮಾತ್ರ ಆ ಹೆಸರಿನಲ್ಲಿ ಮತ್ತೆ ನಡೆಯಲಿಲ್ಲ. ನಡುವೆ ಕೋವಿಡ್ ಬಂತೆಂಬುದು ನಿಜ. ಮಹಾರಾಜ ಟ್ರೋಫಿ ಬಂದದ್ದು 2022ರಲ್ಲಿ. ಅಲ್ಲಿಯವರೆಗೆ ಬಳ್ಳಾರಿ, ಬೆಳಗಾವಿ, ಶಿವಮೊಗ್ಗ ಕಡೆಯ ಹುಡುಗರಿಗೆ ಟಿ.ವಿ.ಯಲ್ಲಿ ಕಾಣಿಸಿಕೊಳ್ಳುವ ಆ ವೇದಿಕೆ ಇರಲಿಲ್ಲ.

ಇನ್ನು ನಮ್ಮ ಸಂಘದ ಮಾತಿಗೆ ಬರುತ್ತೇನೆ. ದಾಖಲೆಯನ್ನು ಆಟದ ದಿನ ಮೈದಾನದಲ್ಲಿ ನೋಡುವುದೇ ಮೊದಲ ತಪ್ಪು. ಒಂದು ವಾರ ಮೊದಲೇ ನೋಡಿದರೆ ಒಬ್ಬ ಹುಡುಗ ಹೊರಗುಳಿಯುತ್ತಾನೆ, ಅವನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ; ಗದ್ದಲವಿಲ್ಲ, ಕಣ್ಣೀರಿಲ್ಲ. ನಿವೃತ್ತ ಶಿಕ್ಷಕರಾದ ನಾವು ನಾಲ್ಕೈದು ಜನ ಇದ್ದೇವೆ, ಬಿಡುವಿಗೇನೂ ಬರವಿಲ್ಲ, ರಿಜಿಸ್ಟರು ನೋಡುವ ಕೆಲಸವನ್ನು ನಮಗೇ ಕೊಡಿ. ಈ ಸಲ ನಾನು ಕಪಾಟು ತೆರೆದು ನೋಡುತ್ತೇನೆ. ಆಮೇಲೂ ಮೋಸ ಸಿಕ್ಕಿಬಿದ್ದರೆ ಆ ಆಟದ ಫಲಿತಾಂಶ ಹೋಗಲಿ, ಢಾಲು ಎದುರಾಳಿಗೆ ಸಲ್ಲಲಿ. ಸಹಿ ಮಾಡಿದ ದೊಡ್ಡವರನ್ನು ಮೂರು ವರ್ಷ ನಮ್ಮ ಯಾವ ವೇದಿಕೆಗೂ ಕರೆಯುವುದು ಬೇಡ, ಶಾಲು ಹೊದಿಸುವುದೂ ಬೇಡ. ನಮ್ಮ ಊರುಗಳಲ್ಲಿ ಶಾಲು ತಪ್ಪುವುದು ಎಂಥ ಶಿಕ್ಷೆಯೆಂದು ಸಭಿಕರೆಲ್ಲ ಬಲ್ಲರು! ಮುಂದಿನ ವರ್ಷ ಆ ಶಾಲೆ ಬರಲಿ. ಬೇಕಾದರೆ ಅದರ ಪಟ್ಟಿಯನ್ನು ಬೇರೆ ಶಾಲೆಯ ಶಿಕ್ಷಕರು ಪರಿಶೀಲಿಸಲಿ. ಯಾವ ನಿರ್ಧಾರಕ್ಕೂ ಮುನ್ನ ಮಕ್ಕಳನ್ನು ಕರೆದು ಕೇಳಬೇಕು. ಕಳೆದ ನವೆಂಬರಿನಲ್ಲಿ ಆ ಕಬಡ್ಡಿ ತಂಡದ ಒಬ್ಬ ಹುಡುಗನನ್ನೂ ನಾವು ಒಂದು ಮಾತು ಕೇಳಲಿಲ್ಲ.

ಈಗಿನ ಕಲಮಿನ ಪ್ರಕಾರ ಆ ಶಾಲೆ ಬರುವ ರಾಜ್ಯೋತ್ಸವಕ್ಕೂ ಬರುವಂತಿಲ್ಲ. ಅದು ಕನ್ನಡ ಮಾಧ್ಯಮದ ಶಾಲೆ. ಏಳನೆಯ ತರಗತಿಯಲ್ಲಿ ಹದಿನಾರು ಮಕ್ಕಳಿದ್ದಾರೆ; ಕಬಡ್ಡಿಯ ಒಂದು ತಂಡ ಕಟ್ಟಿದರೆ ಅರ್ಧ ತರಗತಿ ಖಾಲಿ. ಕನ್ನಡ ಉಳಿಸಿ ಎಂದು ಇದೇ ಸಂಚಿಕೆಯಲ್ಲಿ ಹತ್ತು ಲೇಖನಗಳು ಇರುತ್ತವೆ, ಅದೇ ಸಂಚಿಕೆಯ ಕೊನೆಯ ಪುಟಗಳಲ್ಲಿ ಆ ಮಕ್ಕಳನ್ನು ನಮ್ಮ ಮೈದಾನಕ್ಕೆ ಬರಬೇಡಿರೆಂದು ಹೇಳುವ ನಿಯಮಾವಳಿಯೂ ಇರುತ್ತದೆ.

ಕಲಮಿನ ತಿದ್ದುಪಡಿಯನ್ನು ಬರೆದು ಕಾರ್ಯದರ್ಶಿಗಳ ಕೈಗೆ ಕೊಟ್ಟಿದ್ದೇನೆ. ಸಮ್ಮೇಳನ ಮುಗಿದ ಮೇಲೆ ನಡೆಯುವ ಸರ್ವಸದಸ್ಯರ ಸಭೆಯಲ್ಲಿ ಅದನ್ನು ಮಂಡಿಸುತ್ತೇನೆ. ಅನುಮೋದಿಸಲು ಸದಸ್ಯರೊಬ್ಬರು ಬೇಕು. ಮುಂದೆ ಬರುವವರು ಊಟದ ಹೊತ್ತಿನಲ್ಲಿ ನನ್ನನ್ನು ಕಾಣಬೇಕಾಗಿ ವಿನಂತಿ.